ಕಪ್ಪೆಗಳ ಚಿತ್ರಕಾರ ಕ್ಯೋಸಾಯಿ

ಕಪ್ಪೆಯನ್ನು ಗೌರವದಿಂದ ಕಾಣುವವರು ವಿರಳ. ಲೋಕಜ್ಞಾನವಿಲ್ಲದವನನ್ನು ಕೂಪಮಂಡೂಕವೆಂದು ನಾವು ಹಳಿಯುತ್ತೇವೆ. ಒಂದೆಡೆ ನಿಲ್ಲದ ಜನರನ್ನು ಒಟ್ಟುಗೂಡಿಸುವ ಕಷ್ಟವನ್ನು ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಕಷ್ಟಕ್ಕೆ ಹೋಲಿಸುತ್ತೇವೆ. ಮಳೆಗಾಲದ ಇರುಳಿನಲ್ಲಿ ಕೆರೆಯ ಅಂಚಿನಿಂದ ಅದರ ಕೂಗು ಕೇಳಿಬಂದರೆ ಕಿಟಕಿಯನ್ನು ಮುಚ್ಚಿ ಮಲಗುತ್ತೇವೆ. ಆದರೆ ಈ ಅಲ್ಪಜೀವಿಯಿಂದಲೇ ಚಿತ್ರವಿದ್ಯೆಯ ಮೊದಲ ಪಾಠವನ್ನು ಕಲಿತು, ಬಾಳಿನುದ್ದಕ್ಕೂ ಅದನ್ನು ಮರೆಯದೆ, ಕಡೆಗೆ ಅದರದೇ ಆಕಾರದ ಕಲ್ಲಿನ ಕೆಳಗೆ ಚಿರನಿದ್ರೆಯಲ್ಲಿ ಮಲಗಿದ ಚಿತ್ರಕಾರನೊಬ್ಬನು ಜಪಾನ್ ದೇಶದಲ್ಲಿ ಆಗಿಹೋದನು. ಅವನೇ ಕವಾನಬೆ ಕ್ಯೋಸಾಯಿ.

ಕ್ಯೋಸಾಯಿಯು 1831ರ ಮೇ 18ರಂದು ಕೋಗಾ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ಸಮುರಾಯಿ ಎಂಬ ಯೋಧವರ್ಗಕ್ಕೆ ಸೇರಿದವನು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಸಂಸಾರವು ಎದೋ ನಗರಕ್ಕೆ ಬಂದು ನೆಲೆಸಿತು. ಇಂದಿನ ಟೋಕಿಯೋ ನಗರಕ್ಕೆ ಅಂದು ಇದ್ದ ಹೆಸರೇ ಎದೋ. ಜಪಾನಿನ ಆಡಳಿತವನ್ನು ನಡೆಸುತ್ತಿದ್ದ ಷೋಗುನ್ ಎಂಬ ಸೇನಾಧಿಪತಿಯ ರಾಜಧಾನಿ ಅದು. ತಗ್ಗುನೆಲದಲ್ಲಿ ಬೆಳೆದ ಆ ನಗರದ ತುಂಬ ನದಿಗಳು, ಕಾಲುವೆಗಳು, ಕಂದಕಗಳು, ತಾವರೆಯ ಕೊಳಗಳು ಇದ್ದವು. ಊರಿನ ಅಂಚು ದಾಟಿದರೆ ನೀರು ನಿಂತ ಬತ್ತದ ಗದ್ದೆಗಳು. ಅಲ್ಲಿ ಕೊಕ್ಕರೆ, ಕಪ್ಪೆ, ಮೀನುಗಳು ಮನುಷ್ಯರ ನೆರೆಹೊರೆಯವರಂತೆ ಬದುಕಿದ್ದವು. ನೀರಿನ ಬದಿಯಲ್ಲಿ ಬಾಳುವ ಜನರಲ್ಲಿ ನೀರಿನ ಕಥೆಗಳೂ ಹುಟ್ಟುತ್ತವೆ. ಹೊಳೆಯ ಮಡುವಿನಲ್ಲಿ ಕಪ್ಪಾ ಎಂಬ ಜೀವಿ ಇದೆ; ಅದು ಮಗುವಿನಷ್ಟೇ ಎತ್ತರ; ಬೆನ್ನ ಮೇಲೆ ಆಮೆಯ ಚಿಪ್ಪು; ನೆತ್ತಿಯ ಮೇಲಿನ ಕುಳಿಯಲ್ಲಿ ನೀರು; ಆ ನೀರು ಚೆಲ್ಲಿದರೆ ಅದರ ಬಲವೆಲ್ಲ ಉಡುಗುತ್ತದೆ ಎಂದು ಹಿರಿಯರು ಮಕ್ಕಳಿಗೆ ಹೇಳುತ್ತಿದ್ದರು. ಆಳವಾದ ನೀರಿನ ಹತ್ತಿರ ಹೋಗದಿರಲಿ ಎಂಬ ಎಚ್ಚರಿಕೆಯೂ ಆ ಕಥೆಯಲ್ಲಿ ಅಡಗಿತ್ತು. ಕಣ್ಣಿಗೆ ಕಾಣುವ ಕಪ್ಪೆ, ಕಥೆಯಲ್ಲಿ ಕೇಳುವ ಕಪ್ಪಾ ಇವೆರಡೂ ಮುಂದೆ ಈ ಬಾಲಕನ ಕುಂಚಕ್ಕೆ ವಸ್ತುಗಳಾದವು.

ಅವನು ಮೊಟ್ಟಮೊದಲು ಚಿತ್ರ ಬರೆದದ್ದು ಮೂರನೆಯ ವಯಸ್ಸಿನಲ್ಲಿ. ಹುಟ್ಟಿದ ವರ್ಷವನ್ನೂ ಒಂದೆಂದು ಎಣಿಸುವುದು ಅಂದಿನ ಜಪಾನೀಯರ ರೂಢಿ. ನಮ್ಮ ಲೆಕ್ಕದಲ್ಲಿ ಅವನಿಗೆ ಆಗ ಎರಡು ವರ್ಷ. ಬಂಧುಗಳ ಊರಿಗೆ ಹೋದ ಸಂದರ್ಭದಲ್ಲಿ ಯಾರೋ ಒಂದು ಕಪ್ಪೆಯನ್ನು ಹಿಡಿದು ಮಗುವಿನ ಕೈಗೆ ಕೊಟ್ಟರಂತೆ. ಬೇರೆ ಮಕ್ಕಳಾಗಿದ್ದರೆ ಹೆದರಿ ಅಳುತ್ತಿದ್ದರು, ಇಲ್ಲವೆ ಆಡಿ ಬಿಸಾಡುತ್ತಿದ್ದರು. ಈ ಮಗು ಅದನ್ನು ನೋಡಿ ಚಿತ್ರ ಬರೆಯಿತು. ವೃದ್ಧಾಪ್ಯ ಸಮೀಪಿಸಿದಾಗಲೂ ಕ್ಯೋಸಾಯಿಯು ಆ ಕಪ್ಪೆಯನ್ನು ನೆನೆಯುತ್ತಿದ್ದನು.

ಮಗನ ಒಲವನ್ನು ಕಂಡ ತಂದೆಯು ಏಳನೆಯ ವಯಸ್ಸಿನಲ್ಲಿ ಅವನನ್ನು ಕುನಿಯೋಶಿ ಎಂಬ ಪ್ರಸಿದ್ಧ ಚಿತ್ರಕಾರನ ಬಳಿ ಬಿಟ್ಟನು. ಮರದ ಅಚ್ಚುಗಳಿಂದ ಮುದ್ರಿಸುವ ಬಣ್ಣದ ಚಿತ್ರಗಳಿಗೆ ಕುನಿಯೋಶಿ ಹೆಸರಾದವನು. ವೀರರು, ಭೂತಗಳು, ಮಾಯಾವಿಗಳು ಅವನ ಚಿತ್ರಗಳಲ್ಲಿ ಮೆರೆಯುತ್ತಿದ್ದರು. ಮಡಿಲಲ್ಲಿ ಬೆಕ್ಕನ್ನು ಇಟ್ಟುಕೊಂಡೇ ಪಾಠ ಹೇಳುವಷ್ಟು ಅವನು ಪ್ರಾಣಿಪ್ರಿಯನಾಗಿದ್ದನು. ಮನುಷ್ಯದೇಹದ ಚಲನೆಯನ್ನು ಅರಿಯಬೇಕಾದರೆ ಬೀದಿಯಲ್ಲಿ ಜನರು ಜಗಳವಾಡುವುದನ್ನು ಗಮನವಿಟ್ಟು ನೋಡಬೇಕೆಂದು ಅವನು ಶಿಷ್ಯನಿಗೆ ಹೇಳಿದನಂತೆ. ಹುಡುಗನು ಜಗಳಗಳನ್ನು ಹುಡುಕಿಕೊಂಡು ಕೇರಿ ಕೇರಿ ಅಲೆಯತೊಡಗಿದನು.

ಅವನ ನೋಡುವ ಹಂಬಲ ಎಂಥದೆಂಬುದಕ್ಕೆ ಒಂದು ಪ್ರಸಂಗವು ಪ್ರಸಿದ್ಧವಾಗಿದೆ. ಒಂಬತ್ತನೆಯ ವಯಸ್ಸಿನಲ್ಲಿ, ಭಾರಿ ಮಳೆ ಸುರಿದ ಮೇಲೆ, ಕಾಂದಾ ನದಿಯ ದಡದಲ್ಲಿ ಅವನಿಗೆ ಮನುಷ್ಯನ ರುಂಡವೊಂದು ಸಿಕ್ಕಿತು. ಅವನು ಅದನ್ನು ಮನೆಗೆ ಒಯ್ದು ಬಚ್ಚಿಟ್ಟು ಅಭ್ಯಾಸ ಮಾಡಲು ಯತ್ನಿಸಿದನು. ಮನೆಯವರು ಕಂಡು ಬೆಚ್ಚಿಬಿದ್ದು, ಕೂಡಲೆ ನದಿಗೆ ಮರಳಿಸುವಂತೆ ಗದರಿಸಿದರು. ಬಾಲಕನು ನದಿಯ ದಡಕ್ಕೆ ಹೋಗಿ ಕುಳಿತು, ಅದರ ರೂಪವನ್ನು ಕೂಲಂಕಷವಾಗಿ ಬರೆದುಕೊಂಡ ಮೇಲೆಯೇ ಪ್ರಾರ್ಥನೆ ಸಲ್ಲಿಸಿ ಅದನ್ನು ನೀರಿಗೆ ಬಿಟ್ಟನು. ಕೇಳಿದರೆ ಮೈ ನಡುಗುವ ಸಂಗತಿಯಿದು. ಆದರೆ ಭಯಕ್ಕಾಗಲಿ ಅಸಹ್ಯಕ್ಕಾಗಲಿ ಕಣ್ಣು ಮುಚ್ಚಲಾರದ ಸ್ವಭಾವವು ಅವನಿಗೆ ಹುಟ್ಟಿನಿಂದ ಬಂದದ್ದೆಂಬುದನ್ನು ಇದು ತೋರಿಸುತ್ತದೆ.

ಕುನಿಯೋಶಿಯ ಸಹವಾಸದಲ್ಲಿ ಮಗನು ಕಟ್ಟುಪಾಡಿಲ್ಲದೆ ಬೆಳೆಯುವನೆಂದು ತಂದೆಗೆ ಅಳುಕಾಯಿತು. ಅವನು ಮಗನನ್ನು ಅಲ್ಲಿಂದ ಬಿಡಿಸಿ ಕಾನೋ ಪಂಥದ ಶಾಲೆಗೆ ಸೇರಿಸಿದನು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಷೋಗುನರ ಆಸ್ಥಾನಕ್ಕೆ ಚಿತ್ರ ಬರೆದುಕೊಡುತ್ತಿದ್ದ ಪ್ರತಿಷ್ಠಿತ ಪಂಥವದು. ಪೂರ್ವಿಕರ ಕೃತಿಗಳನ್ನು ಸಾವಿರಾರು ಸಲ ನಕಲು ಮಾಡಿ ಕೈಯನ್ನು ಪಳಗಿಸಿಕೊಳ್ಳುವುದೇ ಅಲ್ಲಿಯ ಶಿಕ್ಷಣಕ್ರಮ. ಹುಡುಗನು ಹಗಲಿರುಳೆನ್ನದೆ ದುಡಿದನು. ಅವನ ಅಪಾರ ಹಸಿವನ್ನು ಕಂಡ ಮಾಯೆಮುರಾ ತೋವಾ ಎಂಬ ಗುರುವು ಅವನನ್ನು ಚಿತ್ರಪಿಶಾಚಿ ಎಂದು ಮುದ್ದಿನಿಂದ ಕರೆದನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ವ್ಯಾಸಂಗವನ್ನು ಮುಗಿಸಿ ಪಂಥದ ಅಂಗೀಕಾರವನ್ನು ಪಡೆದನು. ಬೀದಿಯ ಚಿತ್ರಕಾರನಿಂದ ಕಲಿತ ಬಿಚ್ಚುಗಣ್ಣು, ಆಸ್ಥಾನದ ಪಂಥದಿಂದ ಕಲಿತ ಪಳಗಿದ ಕೈ ಇವೆರಡೂ ಒಬ್ಬನಲ್ಲಿಯೇ ಕೂಡಿಬಂದುದು ಅಪೂರ್ವ.

ಆದರೆ ಬದುಕು ಸುಗಮವಾಗಲಿಲ್ಲ. ಆಸ್ಥಾನ ಚಿತ್ರಕಾರನೊಬ್ಬನು ಅವನನ್ನು ದತ್ತು ತೆಗೆದುಕೊಂಡನು; ಎರಡು ವರ್ಷಗಳೊಳಗೆ ನಡತೆ ಸರಿಯಿಲ್ಲವೆಂದು ಆ ಸಂಬಂಧವನ್ನು ಕಡಿದುಹಾಕಿದನು. ಕ್ಯೋಸಾಯಿಯಲ್ಲಿ ಮದ್ಯಪಾನದ ದೌರ್ಬಲ್ಯವಿತ್ತು. ಅದು ಅವನಿಗೆ ಒಮ್ಮೆಯಲ್ಲ, ಹಲವು ಸಲ ಕೇಡನ್ನು ತಂದಿತು. ಆಸರೆ ತಪ್ಪಿದ ಯುವಕನು ಬಂದ ಕೆಲಸವನ್ನೆಲ್ಲ ಮಾಡುತ್ತ ನಗರದಲ್ಲಿ ಅಲೆದನು.

1855ರ ನವೆಂಬರ್ 11ರ ರಾತ್ರಿ ಎದೋ ನಗರವು ಭೀಕರವಾದ ಭೂಕಂಪಕ್ಕೆ ತುತ್ತಾಯಿತು. ಮನೆಗಳು ಉರುಳಿದವು, ಬೆಂಕಿ ಹತ್ತಿತು, ಸಾವಿರಾರು ಮಂದಿ ಸತ್ತರು. ಆದಿಶೇಷನು ಹೆಡೆಯನ್ನು ಅಲುಗಿಸಿದಾಗ ಭೂಮಿ ನಡುಗುವುದೆಂದು ನಮ್ಮ ಹಿಂದಿನವರು ಹೇಳುತ್ತಿದ್ದಂತೆ, ನೆಲದ ಕೆಳಗೆ ಮಲಗಿರುವ ಮೀಸೆಯುಳ್ಳ ದೈತ್ಯ ಬಾಳೆಮೀನು ಹೊರಳಿದಾಗ ಭೂಕಂಪವಾಗುವುದೆಂದು ಜಪಾನೀಯರು ನಂಬುತ್ತಿದ್ದರು. ಕೊಳದ ಕೆಸರಿನಲ್ಲಿ ವಾಸಿಸುವ ಮೀನೊಂದು ಕಥೆಯಲ್ಲಿ ಲೋಕವನ್ನೇ ಅಲುಗಿಸುವಷ್ಟು ಬೆಳೆದಿತ್ತು. ಕ್ಯೋಸಾಯಿಯು ಕನಗಾಕಿ ರೋಬುನ್ ಎಂಬ ಬರೆಹಗಾರನೊಡನೆ ಸೇರಿ ಆ ಮೀನಿನ ವಿನೋದಚಿತ್ರವೊಂದನ್ನು ಅಚ್ಚುಹಾಕಿಸಿದನು. ಜನರು ಅದನ್ನು ಮುಗಿಬಿದ್ದು ಕೊಂಡರು. ಮನೆ ಕಳೆದುಕೊಂಡವರಿಗೆ ನಗು ಹೇಗೆ ಬಂದೀತೆಂದು ನಮಗೆ ಅಚ್ಚರಿಯಾಗಬಹುದು. ಹೆದರಿಸುವ ವಸ್ತುವಿಗೆ ಒಂದು ಮುಖವನ್ನು ಕೊಟ್ಟರೆ, ಆ ಮುಖವನ್ನು ನೋಡಿ ನಗುವಂತಾದರೆ, ಭಯದ ಭಾರವು ಕೊಂಚ ಇಳಿಯುತ್ತದೆ. ಕ್ಯೋಸಾಯಿಯು ಇದನ್ನು ಇಪ್ಪತ್ತನಾಲ್ಕನೆಯ ವರ್ಷದಲ್ಲಿಯೇ ಅರಿತುಕೊಂಡನು.

ಭಯಕ್ಕೆ ಮುಖ ಕೊಟ್ಟಂತೆ ಅಧಿಕಾರಕ್ಕೂ ಅವನು ಮುಖ ಕೊಟ್ಟನು. ಅದು ಕಪ್ಪೆಯ ಮುಖ. 1864ರಲ್ಲಿ ಷೋಗುನನ ಪಕ್ಷಕ್ಕೂ ಚೋಷೂ ಎಂಬ ಪ್ರಾಂತದ ದಂಗೆಕೋರರಿಗೂ ಕಾಳಗ ಹತ್ತಿತು. ನಡೆಯುತ್ತಿರುವ ರಾಜಕೀಯವನ್ನು ಚಿತ್ರದಲ್ಲಿ ನೇರವಾಗಿ ತೋರಿಸುವುದು ಅಂದು ನಿಷಿದ್ಧ. ಕ್ಯೋಸಾಯಿಯು ಮೂರು ಹಾಳೆಗಳನ್ನು ಜೋಡಿಸಿದ ವಿಶಾಲವಾದ ಚಿತ್ರವೊಂದನ್ನು ರಚಿಸಿದನು. ಅದರಲ್ಲಿ ಮನುಷ್ಯರೇ ಇಲ್ಲ, ಇರುವುವೆಲ್ಲ ಕಪ್ಪೆಗಳು. ಎರಡು ಕಪ್ಪೆಸೈನ್ಯಗಳು ಜೊಂಡಿನ ತೆನೆಗಳನ್ನು ಈಟಿಗಳಂತೆ ಹಿಡಿದು, ನೀರನ್ನು ಚಿಮ್ಮುವ ಫಿರಂಗಿಗಳನ್ನು ಹೂಡಿ ಹೊಡೆದಾಡುತ್ತಿವೆ. ಬಲ್ಲವರು ಅಲ್ಲಿಯ ಲಾಂಛನಗಳನ್ನು ಕಂಡು ಯಾವ ಕಪ್ಪೆ ಯಾವ ಪಕ್ಷದ್ದೆಂದು ಗುರುತಿಸಬಹುದಾಗಿತ್ತು. ಪ್ರಾಣಿಗಳಿಂದ ಮನುಷ್ಯರ ಆಟವಾಡಿಸುವ ಈ ಕಲೆ ಜಪಾನಿಗೆ ಹೊಸದಲ್ಲ. ಕಪ್ಪೆಗಳೂ ಮೊಲಗಳೂ ಕುಸ್ತಿಯಾಡುವ, ಹನ್ನೆರಡು ಹದಿಮೂರನೆಯ ಶತಮಾನಗಳ ಸುರುಳಿಚಿತ್ರಗಳು ಕ್ಯೋಟೋ ನಗರದ ಕೋಜಾನ್‌ಜಿ ದೇವಾಲಯಕ್ಕೆ ಸೇರಿವೆ. ಆ ಪರಂಪರೆಯನ್ನು ಕ್ಯೋಸಾಯಿಯು ತನ್ನ ಕಾಲದ ಕನ್ನಡಿಯನ್ನಾಗಿ ಮಾಡಿದನು. ಅವನ ಕಪ್ಪೆಗಳು ಮನುಷ್ಯರ ವೇಷ ಹಾಕಿದ ಬೊಂಬೆಗಳಲ್ಲ. ಅವುಗಳ ಹಿಂಗಾಲಿನ ಬಾಗು, ಹೊಟ್ಟೆಯ ಉಬ್ಬು, ಬೆರಳುಗಳ ಹರವು ಎಲ್ಲವೂ ಗದ್ದೆಯ ಕಪ್ಪೆಯವೇ. ಕಪ್ಪೆಯು ಪೂರ್ಣವಾಗಿ ಕಪ್ಪೆಯಾಗಿ ಉಳಿದಿರುವುದರಿಂದಲೇ ಅದರಲ್ಲಿ ಕಾಣುವ ಮನುಷ್ಯನು ನಮ್ಮನ್ನು ನಗಿಸುತ್ತಾನೆ.

1868ರಲ್ಲಿ ಷೋಗುನರ ಆಳ್ವಿಕೆ ಕೊನೆಗೊಂಡು ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂದಿತು. ಎದೋ ನಗರವು ಟೋಕಿಯೋ ಆಯಿತು. ಕಾಲ ಬದಲಾದರೂ ನಗುವವರ ಪಾಡು ಬದಲಾಗಲಿಲ್ಲ. 1870ರ ಅಕ್ಟೋಬರಿನಲ್ಲಿ ಉಯೆನೋ ಎಂಬಲ್ಲಿಯ ಶಿನೊಬಾಜು ಕೊಳದ ಬಳಿ ಚಿತ್ರಕಾರರ ಕೂಟವೊಂದು ನೆರೆದಿತ್ತು. ತಾವರೆಗಳಿಗೆ ಹೆಸರಾದ ಕೊಳವದು. ಇಂಥ ಕೂಟಗಳಲ್ಲಿ ಚಿತ್ರಕಾರರು ನೆರೆದವರ ಎದುರಿನಲ್ಲಿಯೇ ಚಿತ್ರ ಬರೆದು ಕೊಡುವುದು ವಾಡಿಕೆ. ಕ್ಯೋಸಾಯಿಯು ಮಿತಿಮೀರಿ ಕುಡಿದಿದ್ದನು. ಆ ಸ್ಥಿತಿಯಲ್ಲಿ ಅವನು ಬರೆದ ಚಿತ್ರವು ಅಧಿಕಾರದಲ್ಲಿದ್ದವರನ್ನು ಅವಮಾನಿಸುವಂಥದೆಂದು ಆರೋಪ ಬಂದು, ಅಲ್ಲಿಯೇ ಅವನನ್ನು ಸೆರೆಹಿಡಿದರು. ತಾನು ಬರೆದುದೇನೆಂಬುದು ಅವನಿಗೇ ನೆನಪಿರಲಿಲ್ಲ. ತಿಂಗಳುಗಟ್ಟಲೆ ಸೆರೆಮನೆಯಲ್ಲಿ ಕೊಳೆತು, ರೋಗಪೀಡಿತನಾಗಿ, 1871ರ ಆರಂಭದಲ್ಲಿ ಐವತ್ತು ಛಡಿಯೇಟುಗಳನ್ನು ತಿಂದು ಅವನು ಹೊರಬಂದನು.

ಈ ಘಟನೆಯಲ್ಲಿ ಎರಡು ಎಳೆಗಳಿವೆ. ಕುಡಿತವು ಕಲಾವಿದನ ವಿವೇಕವನ್ನು ಕಸಿದುಕೊಂಡಿತೆಂಬುದು ಒಂದು. ಅದನ್ನು ಯಾರೂ ಸಮರ್ಥಿಸಲಾರರು. ಚಿತ್ರವೊಂದಕ್ಕೆ ಹೆದರಿದ ಅಧಿಕಾರವು ಚಿತ್ರಕಾರನ ಬೆನ್ನಿನ ಮೇಲೆ ಬಾರುಕೋಲನ್ನು ಆಡಿಸಿತೆಂಬುದು ಇನ್ನೊಂದು. ಒಂದನ್ನು ಹೇಳುವಾಗ ಇನ್ನೊಂದನ್ನು ಮರೆಯಬಾರದು.

ಸೆರೆಯಿಂದ ಬಿಡುಗಡೆಯಾದ ಮೇಲೆ ಅವನು ತನ್ನ ಹೆಸರನ್ನು ಬರೆಯುವ ರೀತಿಯನ್ನು ಬದಲಾಯಿಸಿದನು. ಕ್ಯೋ ಎಂಬ ಧ್ವನಿಗೆ ಅವನು ಅದುವರೆಗೆ ಹುಚ್ಚು ಎಂಬ ಅರ್ಥದ ಅಕ್ಷರವನ್ನು ಬಳಸುತ್ತಿದ್ದನು. ಇನ್ನು ಮುಂದೆ ಅದೇ ಧ್ವನಿಗೆ ಮುಂಜಾವು ಎಂಬ ಅರ್ಥದ ಅಕ್ಷರವನ್ನು ಬಳಸತೊಡಗಿದನು. ಕಿವಿಗೆ ಕೇಳುವವರಿಗೆ ಹೆಸರು ಹಿಂದಿನದೇ. ಕಣ್ಣಿಗೆ ಕಾಣುವವರಿಗೆ ಹುಚ್ಚು ಹೋಗಿ ಬೆಳಗಾಗಿತ್ತು. ಅವನು ನಗುವುದನ್ನು ಮಾತ್ರ ಬಿಡಲಿಲ್ಲ.

ಹೊಸ ಸರ್ಕಾರವು 1872ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣಕ್ರಮವನ್ನು ಜಾರಿಗೆ ತಂದಿತು. ಪಾಶ್ಚಾತ್ಯ ಉಡುಪು, ಅಂಚೆ, ಶಾಲೆಗಳು ಎಲ್ಲೆಡೆ ಕಾಣಿಸಿಕೊಂಡವು. ಹಳೆಯ ನಂಬಿಕೆಗಳೆಲ್ಲ ಮೌಢ್ಯವೆಂಬ ಮಾತು ಕೇಳಿಬಂದಿತು. ಆಗ ಕ್ಯೋಸಾಯಿಯ ಕಪ್ಪೆಗಳೂ ಕಾಲಕ್ಕೆ ತಕ್ಕಂತೆ ಬದಲಾದವು. ಒಂದು ಕಪ್ಪೆ ರಿಕ್ಷಾ ಎಳೆಯತೊಡಗಿತು; ಮತ್ತೊಂದು ಅಂಚೆಯವನಾಯಿತು; ಇನ್ನೊಂದು ಉಪಾಧ್ಯಾಯನಾಗಿ ಕಪ್ಪೆಮರಿಗಳಿಗೆ ಪಾಠ ಹೇಳಿತು. 1874ರಲ್ಲಿ ಅವನು ಭೂತಗಳ ಶಾಲೆ ಎಂಬ ಚಿತ್ರವನ್ನು ಪ್ರಕಟಿಸಿದನು. ಅಲ್ಲಿ ಪಾಶ್ಚಾತ್ಯ ಉಡುಪು ತೊಟ್ಟ ಗುರುವಿನ ಮುಂದೆ ಕೋಡುಳ್ಳ ಭೂತಗಳು ಅಕ್ಷರಾಭ್ಯಾಸ ಮಾಡುತ್ತಿವೆ. ಹೊಳೆಯ ಮಡುವಿನ ಕಪ್ಪಾಗಳೂ ವಿದ್ಯಾರ್ಥಿಗಳಾಗಿವೆ. ಭೂತಗಳೇ ಇಲ್ಲವೆಂದು ಕಲಿಸುವ ಶಾಲೆಗೆ ಭೂತಗಳೇ ಸೇರಿದರೆ ಅವುಗಳ ಗತಿಯೇನು? ಹೊಸದರ ಆಡಂಬರವನ್ನೂ ಹಳೆಯದರ ಅಸಹಾಯಕತೆಯನ್ನೂ ಅವನು ಒಂದೇ ನಗೆಯಲ್ಲಿ ಹಿಡಿದಿಟ್ಟನು. ಆ ನಗೆಯಲ್ಲಿ ಕರುಣೆಯೂ ಇದೆ.

ಇಷ್ಟು ಜೀವಂತವಾದ ಚಿತ್ರಗಳು ಅವನ ಕೈಯಿಂದ ಹೇಗೆ ಹೊಮ್ಮಿದವು? ಇದನ್ನು ನಮಗೆ ತಿಳಿಸಿರುವವನು ಅವನ ಇಂಗ್ಲಿಷ್ ಶಿಷ್ಯನಾದ ಜೊಸಾಯ ಕಾಂಡರ್. ವಾಸ್ತುಶಿಲ್ಪವನ್ನು ಕಲಿಸಲು 1877ರಲ್ಲಿ ಟೋಕಿಯೋ ನಗರಕ್ಕೆ ಬಂದ ಕಾಂಡರನು, ತಾನೇ ಉಪಾಧ್ಯಾಯನಾಗಿದ್ದರೂ, 1881ರಲ್ಲಿ ಕ್ಯೋಸಾಯಿಯ ಶಿಷ್ಯನಾದನು. ಗುರುವು ಅವನಿಗೆ ಕ್ಯೋಯೆಯಿ ಎಂಬ ಹೆಸರಿಟ್ಟನು. ತನ್ನ ಹೆಸರಿನ ಮೊದಲಕ್ಷರವನ್ನೂ ಇಂಗ್ಲೆಂಡನ್ನು ಸೂಚಿಸುವ ಅಕ್ಷರವನ್ನೂ ಕೂಡಿಸಿ ಮಾಡಿದ ಹೆಸರದು.

ಕ್ಯೋಸಾಯಿಯು ತನ್ನ ಮನೆಯಲ್ಲಿ ಪ್ರಾಣಿಪಕ್ಷಿಗಳನ್ನು ಸಾಕಿಕೊಂಡಿದ್ದನು. ಒಂದು ಪಕ್ಷಿಯ ಚಿತ್ರವನ್ನು ಬರೆಯಬೇಕಾದರೆ ಅವನು ಮೊದಲು ಕಾಗದವನ್ನು ಮುಟ್ಟುತ್ತಿರಲಿಲ್ಲ. ಸುಮ್ಮನೆ ಕುಳಿತು ನೋಡುತ್ತಿದ್ದನು. ಪಕ್ಷಿಯು ಕತ್ತು ಹೊರಳಿಸಿದ ಒಂದು ಭಂಗಿಯನ್ನು ಮನಸ್ಸಿನಲ್ಲಿ ತುಂಬಿಕೊಂಡು, ಅಲ್ಲಿಂದ ಎದ್ದುಹೋಗಿ, ನೆನಪಿನಿಂದಲೇ ಅದನ್ನು ಬರೆಯುತ್ತಿದ್ದನು. ಎಲ್ಲಿ ನೆನಪು ತಪ್ಪುತ್ತಿತ್ತೋ ಅಲ್ಲಿಗೆ ಕುಂಚವನ್ನು ನಿಲ್ಲಿಸಿ ಮತ್ತೆ ಪಕ್ಷಿಯ ಮುಂದೆ ಬಂದು ಕೂರುತ್ತಿದ್ದನು. ಆ ಭಂಗಿ ಮರಳಿ ಬರುವವರೆಗೆ ಕಾಯುತ್ತಿದ್ದನು. ಹೀಗೆ ನೋಡುವುದು, ನೆನೆಯುವುದು, ತಿದ್ದುವುದು ಇವು ಮುಗಿದ ಮೇಲೆ ಆ ಜೀವಿಯು ಅವನ ಮನಸ್ಸಿನಲ್ಲಿ ಸ್ಥಿರವಾಗಿ ನೆಲಸುತ್ತಿತ್ತು. ಅನಂತರ ಯಾವಾಗ ಬೇಕಾದರೂ, ಯಾವ ಮಾದರಿಯೂ ಇಲ್ಲದೆ, ನಾಲ್ಕಾರು ಗೆರೆಗಳಲ್ಲಿ ಅದನ್ನು ಹಾಳೆಯ ಮೇಲೆ ಇಳಿಸಬಲ್ಲವನಾಗಿದ್ದನು. ನೆಗೆಯುವ ಕಪ್ಪೆಯಾಗಲಿ ನೀರನ್ನು ಸೀಳುವ ಗೆಂಡೆಮೀನಾಗಲಿ ಚಿತ್ರಕಾರನಿಗಾಗಿ ನಿಲ್ಲುವುದಿಲ್ಲ. ಅವುಗಳ ಚಲನೆಯನ್ನು ಹಿಡಿಯಲು ಅವನು ಕಂಡುಕೊಂಡ ಮಾರ್ಗವಿದು. ಎಂದೂ ಕಾಣದ ಭೂತಗಳನ್ನು ಬರೆಯುವಾಗಲೂ ಇದೇ ಅಭ್ಯಾಸವು ಅವನಿಗೆ ನೆರವಾಯಿತು. ಕಂಡ ಜೀವಿಗಳ ಎಲುಬು ಕೀಲುಗಳನ್ನು ಅರಿತವನಾದುದರಿಂದ, ಕಾಣದ ಜೀವಿಗಳಿಗೂ ಅವನು ನಡೆಯಬಲ್ಲ ಕಾಲುಗಳನ್ನು ಕೊಟ್ಟನು.

ಆ ಕುಂಚದ ವೇಗಕ್ಕೆ ಒಂದು ನಿದರ್ಶನವುಂಟು. 1880ರಲ್ಲಿ ಟೋಕಿಯೋ ನಗರದ ಶಿಂತೋಮಿ ನಾಟಕಶಾಲೆಗಾಗಿ ಸುಮಾರು 17 ಮೀಟರ್ ಅಗಲ, 4 ಮೀಟರ್ ಎತ್ತರದ ಪರದೆಯ ಮೇಲೆ, ಅಂದಿನ ನಟರನ್ನೇ ಭೂತಗಳಾಗಿ ಮಾಡಿ, ನಾಲ್ಕು ಗಂಟೆಗಳಲ್ಲಿ ಅವನು ಚಿತ್ರ ಬರೆದು ಮುಗಿಸಿದನು.

ಮರುವರ್ಷ, ಎಂದರೆ 1881ರಲ್ಲಿ, ಸರ್ಕಾರವು ಏರ್ಪಡಿಸಿದ ಕೈಗಾರಿಕಾ ಪ್ರದರ್ಶನದಲ್ಲಿ ಕ್ಯೋಸಾಯಿಯು ಒಂದು ಸರಳವಾದ ಚಿತ್ರವನ್ನಿಟ್ಟನು. ಎಲೆಯುದುರಿದ ಒಂದು ಕೊಂಬೆ. ಅದರ ಮೇಲೆ ಚಳಿಗಾಲದ ಒಂದು ಕಾಗೆ. ಬಣ್ಣವಿಲ್ಲ, ಕೇವಲ ಕಪ್ಪು ಮಸಿ. ಚಿತ್ರಕಲೆಯ ವಿಭಾಗದಲ್ಲಿ ಆ ವರ್ಷ ನೀಡಿದ ಅತ್ಯುನ್ನತ ಬಹುಮಾನವು ಅದಕ್ಕೆ ದೊರೆಯಿತು. ಅದಕ್ಕೆ ಅವನು ಹೇಳಿದ ಬೆಲೆ ನೂರು ಯೆನ್. ಅಂದಿನ ದಿನಗಳಲ್ಲಿ ಅದು ಬಹುದೊಡ್ಡ ಮೊತ್ತ. ಒಂದು ಕಾಗೆಗೆ ಇಷ್ಟು ಬೆಲೆಯೇ ಎಂದು ಜನರು ಮೂಗುಮುರಿದರು. ಅದು ಕಾಗೆಯ ಬೆಲೆಯಲ್ಲ, ಆ ಕಾಗೆಯನ್ನು ಬರೆಯಲು ಕಲಿಯುವುದಕ್ಕಾಗಿ ತಾನು ಸವೆಸಿದ ವರ್ಷಗಳ ಬೆಲೆ ಎಂಬುದು ಕ್ಯೋಸಾಯಿಯ ಉತ್ತರವಾಗಿತ್ತು. ಟೋಕಿಯೋ ನಗರದ ಮಿಠಾಯಿ ಅಂಗಡಿಯ ಯಜಮಾನನೊಬ್ಬನು ಆ ಬೆಲೆಯನ್ನು ಕೊಟ್ಟು ಚಿತ್ರವನ್ನು ಕೊಂಡನು. ಹತ್ತು ವರ್ಷಗಳ ಹಿಂದೆ ಛಡಿಯೇಟು ಕೊಟ್ಟ ಸರ್ಕಾರದ ಪ್ರದರ್ಶನದಲ್ಲಿಯೇ ಅವನ ಕೈಗೆ ಮನ್ನಣೆ ಬಂದಿತು. ಮುಂದೆ ದೇಶವಿದೇಶಗಳಿಂದ ಅವನ ಕಾಗೆಗಳಿಗೆ ಬೇಡಿಕೆ ಬಂದಿತು. ಅಲ್ಪವೆಂದು ಜನರು ಕಡೆಗಣಿಸುವ ಜೀವಿಯೇ ಮತ್ತೊಮ್ಮೆ ಅವನ ಕೈ ಹಿಡಿಯಿತು.

ಅವನ ಮಗಳು ಕ್ಯೋಸುಯಿ ಎಳವೆಯಿಂದಲೇ ತಂದೆಯ ಬಳಿ ಚಿತ್ರವನ್ನು ಅಭ್ಯಾಸ ಮಾಡಿದಳು. ಮುಂದೆ ಅವಳೂ ಚಿತ್ರಕಾರ್ತಿಯಾಗಿ, ಮಹಿಳೆಯರ ಕಲಾಶಾಲೆಯಲ್ಲಿ ಅಧ್ಯಾಪಕಿಯಾದಳು. ಇಳಿವಯಸ್ಸಿನಲ್ಲಿ ಕ್ಯೋಸಾಯಿಯು ಕರುಣೆಯ ದೇವತೆಯಾದ ಕಾನ್ನನ್‌ಳ ಚಿತ್ರವನ್ನು ದಿನಕ್ಕೊಂದರಂತೆ ವ್ರತದಂತೆ ಬರೆಯುತ್ತಿದ್ದನು. ದಿನದಿನದ ಸಂಗತಿಗಳನ್ನು ಚಿತ್ರಗಳಲ್ಲಿಯೇ ಬರೆದಿಡುವ ದಿನಚರಿಯನ್ನೂ ಇಟ್ಟಿದ್ದನು.

ಕಡೆಗೆ ಹೊಟ್ಟೆಯ ಕ್ಯಾನ್ಸರ್ ರೋಗವು ಅವನನ್ನು ಹಿಡಿಯಿತು. ಅನ್ನ ಸೇರದೆ ದೇಹವು ಕೃಶವಾಯಿತು. ಆಗಲೂ ಅವನು ಕುಂಚವನ್ನು ಕೆಳಗಿಡಲಿಲ್ಲ. ಬಡಕಲಾದ ತನ್ನ ದೇಹವನ್ನೇ ನೋಡಿ ಚಿತ್ರ ಬರೆದನು. ನದಿಯ ದಡದಲ್ಲಿ ರುಂಡವನ್ನು ಅಳುಕದೆ ನೋಡಿದ ಬಾಲಕನು ತನ್ನ ಮರಣವನ್ನೂ ಅದೇ ಕಣ್ಣಿನಿಂದ ನೋಡಿದನು. 1889ರ ಏಪ್ರಿಲ್ 26ರಂದು ಕ್ಯೋಸಾಯಿಯು ತೀರಿಕೊಂಡನು. ಶಿಷ್ಯನಾದ ಕಾಂಡರನು ಕೊನೆಯ ಗಳಿಗೆಯಲ್ಲಿ ಅವನ ಬಳಿಯಲ್ಲಿದ್ದನು. ಗುರುವಿನ ಕಲೆಯನ್ನು ಕುರಿತು ಆ ಶಿಷ್ಯನು ಬರೆದ ಗ್ರಂಥವು 1911ರಲ್ಲಿ ಪ್ರಕಟವಾಯಿತು. ಸ್ವದೇಶದಲ್ಲಿ ಅವನ ಹೆಸರು ಮಸುಕಾಗಿದ್ದ ಕಾಲದಲ್ಲಿ ಪಶ್ಚಿಮದ ಕಲಾರಸಿಕರಿಗೆ ಅವನನ್ನು ಪರಿಚಯಿಸಿದ ಕೃತಿಗಳಲ್ಲಿ ಅದೂ ಒಂದು. ಅವನ ವಂಶಜರು 1977ರಲ್ಲಿ ವರಾಬಿ ಎಂಬ ಪಟ್ಟಣದಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು.

ಟೋಕಿಯೋ ನಗರದ ಯನಕಾ ಎಂಬ ಭಾಗದಲ್ಲಿ ಜುಯಿರಿನ್‌ಜಿ ದೇವಾಲಯವಿದೆ. ಅಲ್ಲಿ ಕ್ಯೋಸಾಯಿಯ ಸಮಾಧಿಯಿದೆ. ಅದರ ಮೇಲೆ ನಿಲ್ಲಿಸಿರುವುದು ನುಣುಪಾಗಿ ಕಡೆದ ಅಮೃತಶಿಲೆಯ ಮೂರ್ತಿಯಲ್ಲ. ಕುಳಿತ ಕಪ್ಪೆಯಂತೆ ಕಾಣುವ ಒಂದು ಒರಟು ಕಲ್ಲು. ಸೇನಾಧಿಪತಿಗಳ ಆಸ್ಥಾನಕ್ಕಾಗಿಯೇ ಇದ್ದ ಪಂಥದಲ್ಲಿ ಕಲಿತವನಿಗೆ, ದೇಶಾಂತರಗಳಲ್ಲಿ ಕೀರ್ತಿ ಪಡೆದವನಿಗೆ ಅದಕ್ಕಿಂತ ತಕ್ಕ ಗುರುತು ಇನ್ನೊಂದಿಲ್ಲ. ನಮ್ಮ ಊರಿನ ಕೆರೆಯ ಬದಿಯಲ್ಲಿಯೂ ಕಪ್ಪೆಗಳು ಕುಳಿತಿರುತ್ತವೆ. ಜೊಂಡಿನ ನಡುವೆ ಕೊಕ್ಕರೆಗಳು ಒಂಟಿಕಾಲಿನಲ್ಲಿ ನಿಂತಿರುತ್ತವೆ. ಅಜ್ಜಿಯರ ಬಾಯಲ್ಲಿ ನೀರಿನ ಕಥೆಗಳು ಇನ್ನೂ ಉಳಿದಿವೆ. ಅವೆಲ್ಲ ಕಾದಿರುವುದು ನಿಂತು ನೋಡುವವನೊಬ್ಬನಿಗಾಗಿ.